ಕೊಸರು ಬೇರೆ, ತೆರಿಗೆ ಬೇರೆ

ಬುಧವಾರ ಬೆಳಗ್ಗೆ ದೆಲ್ಫೀನಾ ತನ್ನ ಅಂಗಡಿಯಲ್ಲಿ ಕೊಸರು ಕೊಡಲಿಲ್ಲ.

ಇದೂ ಒಂದು ಸುದ್ದಿಯೇ ಎಂದು ನಗಬೇಡಿ. ಟೆಕ್ಸಾಸಿನ ದಕ್ಷಿಣದ ತುದಿಯಲ್ಲಿ, ನದಿಯ ದಂಡೆಗೆ ಅಂಟಿಕೊಂಡಿರುವ ನಮ್ಮ ಸಾಂತಾ ಲೂಸ್ ಊರಿನಲ್ಲಿ ಇದಕ್ಕಿಂತ ದೊಡ್ಡ ಸುದ್ದಿ ಆ ವಾರವಿಡೀ ಇರಲಿಲ್ಲ. ಇಲ್ಲಿ ಅಂಗಡಿಗೆ ಹೋದವರು ಕೊಂಡ ಸಾಮಾನಿನ ಜೊತೆಗೆ ಒಂದು ಪಿಲೋನ್ ಪಡೆದೇ ಹೊರಡುತ್ತಾರೆ. ಪಿಲೋನ್ ಅಂದರೆ ಕೊಸರು. ಒಂದು ಹುಣಸೆ ಮಿಠಾಯಿಯೋ, ಒಂದು ಹಾಲಿನ ಮಿಠಾಯಿಯೋ, ಏನೂ ಇಲ್ಲದಿದ್ದರೆ ಒಂದು ನಿಂಬೆಹಣ್ಣೋ. ಅದಕ್ಕೆ ಬೆಲೆ ಇಲ್ಲ, ಆದರೆ ಅದನ್ನು ಕೊಡದ ಅಂಗಡಿಗೆ ಗಿರಾಕಿಯೂ ಇಲ್ಲ.

ದೋನ್ ಅಗಾಪಿತೊ ಎಂದಿನಂತೆ ಬಂದಿದ್ದರು. ಎಂಬತ್ತು ದಾಟಿದ ಮುದುಕರು; ಇಲ್ಲಿ ಗೌರವಕ್ಕೆ ಗಂಡಸರ ಹೆಸರಿಗೆ ದೋನ್, ಹೆಂಗಸರ ಹೆಸರಿಗೆ ದೋನ್ಯಾ ಸೇರಿಸುತ್ತಾರೆ. ಹರೆಯವೆಲ್ಲ ಕಿತ್ತಳೆ ತೋಟಗಳಲ್ಲಿ ಏಣಿಯ ಮೇಲೆಯೇ ಕಳೆದವರು. ತೀರಿಹೋದ ಹೆಂಡತಿಯ ಪಟದ ಮುಂದೆ ಹಚ್ಚಲು ಗಾಜಿನ ಲೋಟದೊಳಗಿನ ಒಂದು ಮೇಣದಬತ್ತಿ, ತಮಗೆ ಒಂದು ಕಟ್ಟು ಟೋರ್ಟಿಯಾ ರೊಟ್ಟಿ. ಅವರ ವ್ಯಾಪಾರ ಅಷ್ಟೇ. ದುಡ್ಡು ಕೊಟ್ಟು, ಚೀಲ ಕಂಕುಳಿಗೆ ಸೇರಿಸಿ, ಮುದುಕರು ಅಂಗೈ ಚಾಚಿ ನಿಂತರು. ದೆಲ್ಫೀನಾ ತಿರುಗಿ ನಿಂತು, ಆಗಲೇ ಒರೆಸಿದ್ದ ಕಪಾಟನ್ನು ಮತ್ತೆ ಒರೆಸತೊಡಗಿದಳು.

"ಮರೆತ್ಬಿಟ್ರಾ, ದೋನ್ಯಾ ದೆಲ್ಫೀನಾ?"

"ಮರೆತಿಲ್ಲ ದೋನ್ ಅಗಾಪಿತೊ. ಇನ್ಮೇಲೆ ಕೊಸರಿಲ್ಲ."

ಮುದುಕರು ಟೋಪಿ ಸರಿಮಾಡಿಕೊಂಡು ಹೊರಟುಹೋದರು. ದೆಲ್ಫೀನಾ ಒರೆಸುವ ಬಟ್ಟೆಯನ್ನು ಮೂಲೆಗೆ ಎಸೆದಳು. ಅವಳ ತಾಯಿ ಹೊಳೆಯ ಆಚೆ ದಡದಲ್ಲಿ ಅಂಗಡಿ ಇಟ್ಟಿದ್ದವಳು. ಹಿಟ್ಟು ಮುಗಿದ ದಿನ, ಎಣ್ಣೆ ಮುಗಿದ ದಿನವೂ ಕೊಸರು ಮುಗಿಯಿತು ಅಂದವಳಲ್ಲ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳ ಗಂಡ ಲಿಬ್ರಾದೊ ಪಿನ್ಯಾತಾ ಮಾಡುತ್ತ ಕೂತಿದ್ದ. ಮಕ್ಕಳು ಹುಟ್ಟುಹಬ್ಬಕ್ಕೆ ತೂಗುಹಾಕಿ, ಕೋಲಿನಿಂದ ಒಡೆದು, ಒಳಗಿನ ಮಿಠಾಯಿ ಬಾಚಿಕೊಳ್ಳುತ್ತಾರಲ್ಲ, ಆ ಬಣ್ಣದ ಕಾಗದದ ಬೊಂಬೆ. ನದಿಯ ಈ ಕಣಿವೆಯಲ್ಲೆಲ್ಲ ಅವನಷ್ಟು ಚೆನ್ನಾಗಿ ಏಳು ಕೊಂಬಿನ ನಕ್ಷತ್ರ ಮಾಡುವವರು ಇರಲಿಲ್ಲ. ಒಡೆದು ಹಾಕುವ ವಸ್ತುವಿಗೆ ಇಷ್ಟು ನಾಜೂಕು ಯಾಕೋ ಎಂದು ಯಾರಾದರೂ ಕೇಳಿದರೆ, "ಒಡೆಯೋವಾಗ ಅಯ್ಯೋ ಅನ್ನಿಸ್ಬೇಕು" ಅನ್ನುತ್ತಿದ್ದ.

ಅವನು ಮೈದಾ ಅಂಟು ಹತ್ತಿದ ಕೈಯಲ್ಲೇ ಬಾಗಿಲಿಗೆ ಬಂದ. "ಕೊಡಬಾರದಿತ್ತಾ ಮುದುಕಿ? ಒಂದು ಮಿಠಾಯಿ."

"ಶನಿವಾರ ಎವೆರಾರ್ದೊ ಬರ್ತಾನೆ. ಕೀಲಿಕೈ ಕೊಡೋ ಅಂಗಡೀಲಿ ಎಂಥ ಮಿಠಾಯಿ ಮುದುಕಾ?"

ವಿಷಯ ಇಷ್ಟು. ಅಂಗಡಿಯ ಕಟ್ಟಡ ಎವೆರಾರ್ದೊನದು. ಬಾಡಿಗೆಯ ವರ್ಷ ಮುಗಿಯುತ್ತ ಬಂದಿತ್ತು. ಶನಿವಾರ ಅವನು ಬಂದು, ಇನ್ನೊಂದು ವರ್ಷ ಇರುತ್ತೀರಾ ಇಲ್ಲವಾ ಎಂದು ಕೇಳುವವನಿದ್ದ. ಇಲ್ಲ ಎಂದು ಹೇಳುವುದೆಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ವ್ಯಾಪಾರವೇನೋ ಇತ್ತು, ಬಾಗಿಲ ಗಂಟೆ ದಿನವಿಡೀ ಗಣಗಣ ಅನ್ನುತ್ತಿತ್ತು. ಆದರೆ ವರ್ಷಕ್ಕೆ ನಾಲ್ಕು ಬಾರಿ ಮಾರಾಟ ತೆರಿಗೆ ಕಟ್ಟುವ ಹೊತ್ತಿಗೆ ಗಲ್ಲಾ ಬೋರಲು ಬೀಳುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ, ದುಡಿದದ್ದು ಎಲ್ಲಿ ಹೋಯಿತೆಂದೇ ತಿಳಿಯುತ್ತಿರಲಿಲ್ಲ. ಅಂಗಡಿ ಬಿಟ್ಟ ಮೇಲೆ ಲಿಬ್ರಾದೊ ಮನೆಯ ಹಿಂದಿನ ಚಪ್ಪರದಲ್ಲಿ ಪಿನ್ಯಾತಾ ಮಾಡಿಕೊಂಡು ಭಾನುವಾರದ ಸಂತೆಗೆ ಒಯ್ಯುವುದು. ದೆಲ್ಫೀನಾ ಮನೆಯಲ್ಲಿ ಕೂರುವುದು. ಮನೆಯಲ್ಲಿ ಕೂತು ಏನು ಮಾಡುವುದೆಂದು ಅವಳಿಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ.

ಕೊಸರಿನ ಸುದ್ದಿ ಮಧ್ಯಾಹ್ನದೊಳಗೆ ಬೀದಿ ದಾಟಿ ಸುಲೇಮಾಳ ಕಿವಿಗೆ ಬಿತ್ತು. ಸುಲೇಮಾ ಎದುರು ಸಾಲಿನ ದರ್ಜಿ. ಹದಿನೈದು ತುಂಬಿದ ಹುಡುಗಿಯರ ಹಬ್ಬಕ್ಕೆ ಘೇರಿನ ಉಡುಪು ಹೊಲಿಯುವುದರಲ್ಲಿ ಎತ್ತಿದ ಕೈ. ದೆಲ್ಫೀನಾಳ ಮಗಳಿಗೆ ಜ್ಞಾನಸ್ನಾನವಾದಾಗ ಧರ್ಮತಾಯಿಯಾಗಿ ನಿಂತವಳು ಅವಳೇ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯುವುದು; ಲಿಬ್ರಾದೊ ಅವಳಿಗೆ ಕೊಂಪಾದ್ರೆ. ಮಗಳು ದೊಡ್ಡವಳಾಗಿ ಮದುವೆಯಾದರೂ ಆ ಮರ್ಯಾದೆ ಹಾಗೇ ಇತ್ತು. ಬೈಯುವಾಗಲೂ ಬಹುವಚನ ಬಿಡುತ್ತಿರಲಿಲ್ಲ.

"ಕೊಮಾದ್ರೆ, ನಿಮಗೆ ಜ್ವರಾನಾ ಇಲ್ಲ ತಲೆ ಕೆಟ್ಟಿದ್ಯಾ?" ಸುಲೇಮಾ ಕೊರಳಲ್ಲಿ ಅಳತೆ ಪಟ್ಟಿ ನೇತಾಡುತ್ತಿರುವಂತೆಯೇ ಒಳಗೆ ನುಗ್ಗಿದಳು. "ಆ ಮುದುಕರು ನನ್ನ ಅಂಗಡಿ ಮುಂದೆ ಕೂತು ಮುಖ ಹರಳೆಣ್ಣೆ ಕುಡಿದ ಹಾಗೆ ಮಾಡ್ಕೊಂಡಿದ್ದಾರೆ. ತಾವೇನು ತಪ್ಪು ಮಾಡಿದ್ರು ಅಂತ ನನ್ನ ಕೇಳ್ತಾರೆ!"

ದೆಲ್ಫೀನಾ ತಡೆದುಕೊಂಡಿದ್ದ ಅಳು ಅಲ್ಲಿಗೆ ಒಡೆಯಿತು. ಮೂಗು ಒರೆಸಿಕೊಳ್ಳುತ್ತ ಎಲ್ಲ ಹೇಳಿದಳು. ಸುಲೇಮಾ ಸ್ಟೂಲು ಎಳೆದುಕೊಂಡು ಕೂತಳು. ಲಿಬ್ರಾದೊ ಚಕ್ಕೆ ಹಾಕಿದ ಕಾಫಿ ತಂದಿಟ್ಟು, ಅಲ್ಲೇ ಬಾಗಿಲಿಗೆ ಒರಗಿ ನಿಂತ.

"ತೆರಿಗೆ ಹೇಗೆ ಲೆಕ್ಕ ಹಾಕ್ತೀರಿ ಕೊಮಾದ್ರೆ?"

"ಅದರಲ್ಲೇನಿದೆ? ಸಂಜೆ ಗಲ್ಲಾ ಎಣಿಸ್ತೀನಿ. ನಮ್ಮೂರಲ್ಲಿ ನೂರಕ್ಕೆ ಎಂಟೂಕಾಲು. ಒಟ್ಟು ಬಂದಿರೋದಕ್ಕೆ ಎಷ್ಟಾಗುತ್ತೋ ಅಷ್ಟು ಕಟ್ತೀನಿ. ಒಂದು ಸಲಾನೂ ತಪ್ಪಿಸಿಲ್ಲ."

"ಗಿರಾಕಿ ಹತ್ರ ಎಷ್ಟು ಇಸ್ಕೋತೀರಿ?"

"ಗಿರಾಕಿ ಹತ್ರ ಯಾಕೆ?"

ಸುಲೇಮಾ ಕಾಫಿ ಲೋಟ ಕೆಳಗಿಟ್ಟಳು. "ಮತ್ತೆ ಯಾರು ಕೊಡ್ತಾರೆ?"

"ನಾನೇ. ಎರಡು ಡಾಲರ್ ಅಂತ ಚೀಟಿ ಅಂಟಿಸಿ, ಆಮೇಲೆ ಇನ್ನೊಂದಿಷ್ಟು ಚಿಲ್ಲರೆ ಕೊಡಿ ಅನ್ನೋಕೆ ನಾಚಿಕೆ ಆಗಲ್ವಾ? ಚಿಕ್ಕ ಮಕ್ಕಳು ಮುಷ್ಟೀಲಿ ಲೆಕ್ಕ ಮಾಡಿ ದುಡ್ಡು ತಂದಿರ್ತಾವೆ. ಮಿಠಾಯಿ ಕೊಡೋ ಹಾಗೆ ಅದೂ ಒಂದು ಕೊಸರು ಅಂದ್ಕೊಂಡೆ."

"ಅಯ್ಯೋ ದೇವರೇ! ತೆರಿಗೇನ ಕೊಸರು ಕೊಡ್ತಿದ್ದೀರಾ!" ಸುಲೇಮಾ ಶಿಲುಬೆಯ ಗುರುತು ಮಾಡಿಕೊಂಡಳು. "ಊರಿಗೆ ಉಪಕಾರಿ, ಮನೆಗೆ ಮಾರಿ! ಕೊಮಾದ್ರೆ, ಆ ತೆರಿಗೆ ಅಂಗಡಿಯವರ ಮೇಲೆ ಹಾಕಿದ್ದಲ್ಲ, ಕೊಳ್ಳೋರ ಮೇಲೆ ಹಾಕಿದ್ದು. ನೀವು ಬರೀ ಅಂಚೆಯವರ ಹಾಗೆ. ಅವರ ಕೈಯಿಂದ ಇಸ್ಕೊಂಡು ಸರ್ಕಾರಕ್ಕೆ ತಲುಪಿಸೋದಷ್ಟೇ ನಿಮ್ಮ ಕೆಲಸ. ಅಂಚೆಯವನು ಊರಿನ ಕಾಗದಕ್ಕೆಲ್ಲ ತಾನೇ ಸ್ಟಾಂಪ್ ಹಚ್ಚಿದ್ರೆ ಅವನ ಮನೇಲಿ ಒಲೆ ಉರಿಯುತ್ತಾ?"

"ನಿಮಗಿದೆಲ್ಲ ಯಾರು ಹೇಳಿದ್ರು?"

"ಗ್ರಂಥಾಲಯದಲ್ಲಿ ಚಿಕ್ಕ ಅಂಗಡಿಯೋರಿಗೆ ಅಂತ ಪುಕ್ಕಟೆ ತರಗತಿ ಇತ್ತಲ್ಲ. ನಿಮ್ಮನ್ನೂ ಕರೆದೆ. ಬೀನ್ಸ್ ಒಲೆ ಮೇಲಿದೆ ಅಂದ್ರಿ. ನಾನೂ ಹೋದದ್ದು ಅಲ್ಲಿ ಕೊಡೋ ಸಿಹಿ ಬ್ರೆಡ್ಡಿಗೇ ಅನ್ನಿ. ಆದ್ರೆ ತಿನ್ನುವಾಗ ಕಿವಿ ಮುಚ್ಚಿರಲಿಲ್ಲ."

ಅವಳು ಎದ್ದು ಕಪಾಟುಗಳ ಮುಂದೆ ನಡೆದಾಡಿದಳು. ಟೋರ್ಟಿಯಾ ಕಟ್ಟೊಂದನ್ನು ಎತ್ತಿ ಹಿಡಿದಳು.

"ಇದು ನಾಲ್ಕು ಡಾಲರ್. ನಿಮಗೆಷ್ಟು ಉಳಿಯುತ್ತೆ?"

"ಮೂವತ್ತು ಸೆಂಟ್. ಅದೂ ಕಷ್ಟಪಟ್ಟು."

"ಇದಕ್ಕೂ ತೆರಿಗೆ ಕಟ್ತೀರಾ?"

"ಗಲ್ಲಾದಲ್ಲಿ ಬಂದದ್ದಕ್ಕೆಲ್ಲ ಕಟ್ತೀನಿ ಅಂದ್ನಲ್ಲ."

"ನಾಲ್ಕು ಡಾಲರಿಗೆ ಎಂಟೂಕಾಲರ ಲೆಕ್ಕದಲ್ಲಿ ಮೂವತ್ಮೂರು ಸೆಂಟ್. ಮೂವತ್ತು ಗಳಿಸಿ ಮೂವತ್ಮೂರು ಕೊಟ್ಟಿದ್ದೀರಿ!" ಸುಲೇಮಾ ಆ ಕಟ್ಟಿನಿಂದಲೇ ಗಲ್ಲಾದ ಮೇಲೆ ಪಟ್ಟನೆ ಬಡಿದಳು. "ಕೊಮಾದ್ರೆ, ಟೋರ್ಟಿಯಾಗೆ ನಮ್ಮ ರಾಜ್ಯದಲ್ಲಿ ತೆರಿಗೇನೇ ಇಲ್ಲ. ಹಾಲಿಗಿಲ್ಲ, ಮೊಟ್ಟೆಗಿಲ್ಲ, ಬೀನ್ಸಿಗಿಲ್ಲ, ಬ್ರೆಡ್ಡಿಗಿಲ್ಲ. ಮನೇಲಿ ಬೇಯಿಸಿ ತಿನ್ನೋ ದಿನಸಿಗೆ ಇಲ್ಲ. ಮಿಠಾಯಿಗೆ ಇದೆ, ಸೋಡಾಗೆ ಇದೆ. ಪಿನ್ಯಾತಾ, ಮೇಣದಬತ್ತಿ, ಸಾಬೂನು, ಕಾಗದದ ತಟ್ಟೆ, ಇವಕ್ಕೆಲ್ಲ ಇದೆ."

ದೆಲ್ಫೀನಾ ಟೋರ್ಟಿಯಾ ಕಟ್ಟುಗಳ ಗೋಪುರವನ್ನೇ ನೋಡುತ್ತ ನಿಂತಳು. ಇಡೀ ಬೀದಿಗೆ ಟೋರ್ಟಿಯಾ ಹೋಗುತ್ತಿದ್ದದ್ದು ಅವಳ ಅಂಗಡಿಯಿಂದಲೇ. ಅದನ್ನು ಹೆಚ್ಚು ಮಾರಿದಷ್ಟೂ ಅವಳು ಹೆಚ್ಚು ಸೋಲುತ್ತಿದ್ದಳು. ವ್ಯಾಪಾರ ಚೆನ್ನಾಗಿದ್ದ ತಿಂಗಳಲ್ಲೇ ಕೈ ಖಾಲಿಯಾಗುತ್ತಿದ್ದದ್ದು ಯಾಕೆಂದು ಈಗ ಹೊಳೆಯಿತು. ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು. ಕೊನೆಗೆ ನಗುವೇ ಗೆದ್ದಿತು.

"ನನ್ನಂಥ ಪೆದ್ದಿ ಈ ಕಣಿವೇಲಿ ಇನ್ನೊಬ್ಬಳಿದ್ದಾಳಾ ಕೊಮಾದ್ರೆ?"

"ಇಲ್ಲ. ಅದಕ್ಕೇ ಅಲ್ವಾ ನಿಮ್ಮನ್ನ ಇಷ್ಟು ಜೋಪಾನವಾಗಿ ಇಟ್ಕೊಂಡಿರೋದು?" ಸುಲೇಮಾ ಅವಳ ಕೆನ್ನೆ ಚಿವುಟಿದಳು. "ಹೆಚ್ಚಿಗೆ ಕಟ್ಟಿರೋದರ ಬಗ್ಗೆ ತೆರಿಗೆ ಕಚೇರಿಗೆ ಹೋಗಿ ಕೇಳೋಣ. ಎಷ್ಟು ವಾಪಸ್ ಬರುತ್ತೋ, ಬರುತ್ತೋ ಇಲ್ವೋ, ಅವರೇ ಹೇಳ್ಬೇಕು. ಅದನ್ನ ನಂಬ್ಕೊಂಡು ಕೂರೋದು ಬೇಡ. ಇವತ್ತಿಂದ ಸರಿ ಮಾಡ್ಕೊಳ್ಳಿ."

ಒಂದು ಹಾಳೆ ತೆಗೆದುಕೊಂಡು ಅವಳು ಒಂದು ವ್ಯಾಪಾರವನ್ನು ಕಟ್ಟಿ ತೋರಿಸಿದಳು. ಒಬ್ಬ ತಾಯಿ ಬಂದು ಇಪ್ಪತ್ತು ಡಾಲರಿನ ಪಿನ್ಯಾತಾ ತೆಗೆದುಕೊಂಡಳು. ಅದರೊಳಗೆ ತುಂಬಲು ಐದು ಡಾಲರಿನ ಮಿಠಾಯಿ. ಮನೆಗೆ ನಾಲ್ಕು ಡಾಲರಿನ ಟೋರ್ಟಿಯಾ, ಮೂರು ಡಾಲರಿನ ಮೊಟ್ಟೆ. ಎಲ್ಲ ಸೇರಿ ಮೂವತ್ತೆರಡು. ದೆಲ್ಫೀನಾಳ ಹಳೆಯ ಲೆಕ್ಕದಲ್ಲಿ ಎರಡು ಡಾಲರ್ ಅರವತ್ತನಾಲ್ಕು ಸೆಂಟ್ ತೆರಿಗೆ, ಅದೂ ಅವಳ ಕೈಯಿಂದ. ಸರಿಯಾದ ಲೆಕ್ಕದಲ್ಲಿ ಮೊದಲು ತೆರಿಗೆ ಇರುವ ಸಾಮಾನನ್ನು ಬೇರೆ ಮಾಡಬೇಕು: ಪಿನ್ಯಾತಾ ಮತ್ತು ಮಿಠಾಯಿ, ಇಪ್ಪತ್ತೈದು. ಅದಕ್ಕೆ ಮಾತ್ರ ಎಂಟೂಕಾಲರಂತೆ ಎರಡು ಡಾಲರ್ ಆರು ಸೆಂಟ್. ಆ ತಾಯಿ ಕೊಡಬೇಕಾದದ್ದು ಒಟ್ಟು ಮೂವತ್ತನಾಲ್ಕು ಡಾಲರ್ ಆರು ಸೆಂಟ್.

"ಒಂದೊಂದು ಸಾಮಾನಿಗೂ ಬೇರೆ ಬೇರೆ ಹಾಕೋಕೆ ಹೋಗ್ಬೇಡಿ. ತೆರಿಗೆ ಇರೋದನ್ನೆಲ್ಲ ಕೂಡಿಸಿ, ಕೊನೇಲಿ ಒಂದೇ ಸಲ ಹಾಕಿ. ಆ ಎರಡು ಡಾಲರ್ ಆರು ಸೆಂಟ್ ಗಲ್ಲಾದಲ್ಲಿ ಮಲಗಬಾರದು. ಬೇರೆ ಡಬ್ಬಿ. ಅದು ನಿಮ್ಮ ದುಡ್ಡಲ್ಲ."

ಲಿಬ್ರಾದೊ ಬಾಗಿಲು ಬಿಟ್ಟು ಮುಂದೆ ಬಂದ. "ಅಂಗಡೀಲಿ ಇದೆಲ್ಲ ನಡೆಯುತ್ತೆ. ಭಾನುವಾರದ ಸಂತೇಲಿ ನಾನು ಇಪ್ಪತ್ತು ಅಂದ್ರೆ ಇಪ್ಪತ್ತೇ. ಬಿಸಿಲಲ್ಲಿ ನಿಂತು ಚಿಲ್ಲರೆ ಹುಡುಕ್ತಾ ಕೂತ್ರೆ ಗಿರಾಕಿ ಪಕ್ಕದೋನ ಹತ್ರ ಹೋಗ್ತಾನೆ."

"ಅದಕ್ಕೂ ದಾರಿ ಇದೆ ಕೊಂಪಾದ್ರೆ. ತೆರಿಗೆ ಸೇರಿಸಿಯೇ ಬೆಲೆ ಇಡಬಹುದು. 'ಈ ಬೆಲೆಯಲ್ಲಿ ತೆರಿಗೆ ಸೇರಿದೆ' ಅಂತ ದೊಡ್ಡದಾಗಿ ಬರೆದು ಎಲ್ರಿಗೂ ಕಾಣೋ ಹಾಗೆ ತೂಗುಹಾಕ್ಬೇಕು. ಬರೀದೆ ಹೋದ್ರೆ ಇಪ್ಪತ್ತಕ್ಕೆ ಇಪ್ಪತ್ತೂ ಸಾಮಾನಿನ ಬೆಲೇನೇ ಅಂತಾರೆ ತೆರಿಗೆ ಕಚೇರಿಯೋರು, ಅದರ ಮೇಲೆ ತೆರಿಗೆ ಕೇಳ್ತಾರೆ."

ಲಿಬ್ರಾದೊ ಉತ್ಸಾಹದಿಂದ ಪೆನ್ಸಿಲ್ ಕಿತ್ತುಕೊಂಡ. "ಹಾಗಾದ್ರೆ ಸುಲಭ. ಇಪ್ಪತ್ತಕ್ಕೆ ಎಂಟೂಕಾಲರ ಹಾಗೆ ಒಂದು ಡಾಲರ್ ಅರವತ್ತೈದು ಸೆಂಟ್. ಅದನ್ನ ತೆಗೆದ್ರೆ ನಮಗೆ ಹದಿನೆಂಟು ಮೂವತ್ತೈದು. ಮುಗೀತು!"

"ಮುಗೀಲಿಲ್ಲ. ಅಲ್ಲೇ ಎಲ್ರೂ ಎಡವೋದು. ಆ ಹದಿನೆಂಟು ಮೂವತ್ತೈದಕ್ಕೆ ಈಗ ತೆರಿಗೆ ಕೂಡಿಸಿ ನೋಡಿ."

ಲಿಬ್ರಾದೊ ಕ್ಯಾಲ್ಕುಲೇಟರ್ ಒತ್ತಿದ. ಒಂದು ಐವತ್ತೊಂದು ಬಂತು. ಕೂಡಿಸಿದರೆ ಹತ್ತೊಂಬತ್ತು ಡಾಲರ್ ಎಂಬತ್ತಾರು ಸೆಂಟ್. ಮತ್ತೆ ಒತ್ತಿದ. ಮತ್ತೆ ಅಷ್ಟೇ. ಯಂತ್ರವನ್ನು ತಿರುಗಿಸಿ ಹಿಂಬದಿ ನೋಡಿದ.

"ಹದಿನಾಲ್ಕು ಸೆಂಟ್ ಎಲ್ಲಿ ಹೋಯ್ತು?"

"ಎಲ್ಲೂ ಹೋಗಿಲ್ಲ. ನೀವು ತೆರಿಗೆ ಮೇಲೆ ತೆರಿಗೆ ಹಾಕಿದ್ರಿ. ಇಪ್ಪತ್ತರಲ್ಲಿ ತೆರಿಗೆ ಆಗಲೇ ಒಳಗೆ ಕೂತಿದೆ. ಅದರ ಮೇಲೂ ಎಂಟೂಕಾಲು ಕಿತ್ರಿ. ಹೀಗೆ ಯೋಚ್ನೆ ಮಾಡಿ: ನೂರು ಡಾಲರ್ ಸಾಮಾನು ಮಾರಿದ್ರೆ ಕೈಗೆ ಬರೋದು ನೂರೆಂಟೂಕಾಲು. ಅಂದ್ರೆ ನೂರೆಂಟೂಕಾಲು ಬಂದಾಗೆಲ್ಲ ನೂರು ನಿಮ್ಮದು. ಅದಕ್ಕೇ ಬಂದ ದುಡ್ಡನ್ನ 1.0825ರಿಂದ ಭಾಗಿಸ್ಬೇಕು. ಕಳೆಯೋದಲ್ಲ, ಭಾಗಿಸೋದು."

ಈ ಸಲ ಹದಿನೆಂಟು ಡಾಲರ್ ನಲವತ್ತೆಂಟು ಸೆಂಟ್ ಬಂತು. ತೆರಿಗೆ ಒಂದು ಐವತ್ತೆರಡು. ಎರಡೂ ಸೇರಿ ಸರಿಯಾಗಿ ಇಪ್ಪತ್ತು. ಲಿಬ್ರಾದೊಗೆ ಎಷ್ಟು ಖುಷಿಯಾಯಿತೆಂದರೆ, ಹನ್ನೆರಡು ಡಾಲರಿನ ಕತ್ತೆಮರಿ ಪಿನ್ಯಾತಾಕ್ಕೂ ಮೂವತ್ತು ಡಾಲರಿನ ದೊಡ್ಡ ನಕ್ಷತ್ರಕ್ಕೂ ಅಲ್ಲಿಯೇ ಲೆಕ್ಕ ಹಾಕಿ, ಕೂಡಿಸಿ, ಸರಿಬಂದಾಗೆಲ್ಲ ಹೆಂಡತಿಯ ಕಡೆ ನೋಡಿ ಹುಬ್ಬು ಹಾರಿಸಿದ.

"ಮತ್ತೆ ಮಿಠಾಯಿ ಕೊಸರು?" ದೆಲ್ಫೀನಾ ಮೆಲ್ಲಗೆ ಕೇಳಿದಳು. ಅವಳಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಅದೇ. "ಅದಾದ್ರೂ ಕೊಡಬಹುದು ತಾನೆ?"

"ಧಾರಾಳವಾಗಿ ಕೊಡಿ. ಆದ್ರೆ ಅದರಲ್ಲೂ ಒಂದು ಗಂಟಿದೆ. ಮಾರೋಕೆ ಅಂತ ಸಗಟು ಅಂಗಡೀಲಿ ಮಿಠಾಯಿ ತರ್ತೀರಲ್ಲ, ಅಲ್ಲಿ ನಿಮ್ಮ ಹತ್ರ ತೆರಿಗೆ ಇಸ್ಕೊಳಲ್ಲ. ಯಾಕಂದ್ರೆ ಮಾರುವಾಗ ನೀವು ಗಿರಾಕಿ ಹತ್ರ ಇಸ್ಕೋತೀರಿ ಅಂತ. ಅದೇ ಮಿಠಾಯಿ ಪುಕ್ಕಟೆ ಕೊಟ್ಬಿಟ್ರೆ ನೀವು ಕೊಂಡ ಬೆಲೆ ಮೇಲೆ ತೆರಿಗೆ ನೀವೇ ಕಟ್ಬೇಕಾಗುತ್ತೆ. ಅದಕ್ಕೆ ನಾನೇನು ಮಾಡ್ತೀನಿ ಅಂದ್ರೆ, ಕೊಸರಿನ ರಿಬ್ಬನ್ ಬೇರೆ ಕೊಳ್ತೀನಿ. ಎಲ್ರ ಹಾಗೆ ಸಾಲಲ್ಲಿ ನಿಂತು, ತೆರಿಗೆ ಕೊಟ್ಟು. ಆಮೇಲೆ ಅದು ನನ್ನದು. ಯಾರಿಗೆ ಬೇಕಾದ್ರೂ ಕೊಡ್ತೀನಿ."

"ಅಬ್ಬಬ್ಬಾ! ಕೊಸರಿಗೂ ತೆರಿಗೆ ಕೇಳೋ ಸರ್ಕಾರ ಒಂದು ಮಿಠಾಯಿ ಆದ್ರೂ ಕೊಟ್ಟಿದ್ಯಾ ನಮಗೆ?" ಎಂದ ಲಿಬ್ರಾದೊ.

"ಕೊಡುತ್ತೆ. ಗಡುವಿನೊಳಗೆ ಲೆಕ್ಕ ಕೊಟ್ಟು ದುಡ್ಡು ಕಟ್ಟಿದ್ರೆ, ಕಟ್ಟೋ ನೂರು ಡಾಲರಿಗೆ ಅರ್ಧ ಡಾಲರ್ ನಮಗೇ ಬಿಡುತ್ತೆ. ತಗೊಳ್ಳಿ ನಿಮ್ಮ ಪಿಲೋನ್!"

ಮೂವರೂ ನಕ್ಕರು. ಆದರೆ ಸುಲೇಮಾ ಹೋದ ಮೇಲೆ ದೆಲ್ಫೀನಾಳ ನಗು ನಿಂತಿತು. ಲೆಕ್ಕ ತಲೆಗೆ ಹತ್ತಿತ್ತು, ಮನಸ್ಸಿಗೆ ಇಳಿದಿರಲಿಲ್ಲ. ದೊಡ್ಡ ಅಂಗಡಿಗಳಲ್ಲಿ ಯಂತ್ರ ಕೇಳುತ್ತದೆ, ಯಂತ್ರಕ್ಕೆ ಮುಖವಿಲ್ಲ. ಇಲ್ಲಿ ಕೇಳಬೇಕಾದವಳು ಅವಳು. ದೋನ್ ಅಗಾಪಿತೊರಂಥವರ ಮುಂದೆ ಕೈ ಚಾಚಿ ಇನ್ನೂ ಇಷ್ಟು ಕೊಡಿ ಎನ್ನುವುದು ಹೇಗೆ? ಅವರು ಬೀದಿ ಬದಲಿಸಿ ಹೋಗಿಬಿಟ್ಟರೆ?

ಗುರುವಾರ ಅವಳು ಕೊಸರಿನ ಮಿಠಾಯಿಯನ್ನು ತನ್ನ ದುಡ್ಡಿನಲ್ಲಿ, ತೆರಿಗೆ ಕೊಟ್ಟು ಕೊಂಡು ತಂದಳು. ಶಾಲೆ ಬಿಟ್ಟ ಮಕ್ಕಳಿಗೆ ಕೊಟ್ಟಳು. ಲಿಬ್ರಾದೊ ಪಿನ್ಯಾತಾದ ಕೆಂಪು ಕಾಗದವನ್ನು ಚುಕ್ಕಿಗಳಾಗಿ ಕತ್ತರಿಸಿ ತೆರಿಗೆ ಇರುವ ಸಾಮಾನಿನ ಬೆಲೆಚೀಟಿಗಳ ಮೇಲೆ ಅಂಟಿಸಿದ. ಮೇಣದಬತ್ತಿಗೆ ಚುಕ್ಕಿ, ಸೋಡಾಗೆ ಚುಕ್ಕಿ, ಸಾಬೂನಿಗೆ ಚುಕ್ಕಿ. ಹಾಲಿಗೂ ಟೋರ್ಟಿಯಾಗೂ ಇಲ್ಲ. ಉಳಿದ ಒಂದು ಚುಕ್ಕಿಯನ್ನು ತನ್ನ ಹಣೆಗೆ ಅಂಟಿಸಿಕೊಂಡು ಗಲ್ಲಾದ ಮುಂದೆ ನಿಂತ.

"ನಿನಗೂ ತೆರಿಗೆ ಇದ್ಯಾ ಮುದುಕಾ?"

"ಇದೆ. ಆದ್ರೆ ನೀನು ನನ್ನ ಯಾವತ್ತೋ ಕೊಂಡಾಯ್ತಲ್ಲ, ಮುದುಕಿ."

"ಕೊಂಡಿಲ್ಲ, ಕೊಸರಿಗೆ ಬಂದದ್ದು ನೀನು," ಎಂದು ದೆಲ್ಫೀನಾ ಅವನ ಹಣೆಯ ಚುಕ್ಕಿ ಕಿತ್ತಳು. ಅವನಿಗಾಗಿಯಾದರೂ ಈ ಅಂಗಡಿ ಉಳಿಯಬೇಕೆಂದು ಅವಳಿಗೆ ಆಗ ಬಹಳ ಅನ್ನಿಸಿತು. ಹಾಗಿದ್ದೂ ಗುರುವಾರ, ಶುಕ್ರವಾರ ಎರಡೂ ದಿನ ಚುಕ್ಕಿ ಇದ್ದ ಸಾಮಾನು ಕೊಂಡವರ ಹತ್ತಿರ ತೆರಿಗೆ ಕೇಳಲು ನಾಲಿಗೆ ಏಳದೆ, ತನ್ನ ದುಡ್ಡನ್ನೇ ಡಬ್ಬಿಗೆ ಹಾಕಿದಳು. ಲಿಬ್ರಾದೊ ನೋಡಿಯೂ ನೋಡದಂತಿದ್ದ.

ಶನಿವಾರ ಎವೆರಾರ್ದೊ ಬಂದ. ಒಳ್ಳೆಯ ಹುಡುಗ; ಸಣ್ಣವನಿದ್ದಾಗ ಇದೇ ಅಂಗಡಿಯಲ್ಲಿ ಮಿಠಾಯಿ ತಿಂದು ಬೆಳೆದವನು. ಕರಾರು ಪತ್ರವನ್ನು ಗಲ್ಲಾದ ಮೇಲಿಟ್ಟು, "ನಿಧಾನವಾಗಿ ಯೋಚ್ನೆ ಮಾಡಿ ದೋನ್ಯಾ ದೆಲ್ಫೀನಾ, ಅವಸರ ಇಲ್ಲ" ಎನ್ನುವಷ್ಟರಲ್ಲಿ ಬಾಗಿಲ ಗಂಟೆ ಗಣಗಣ ಎಂದಿತು. ದೋನ್ ಅಗಾಪಿತೊ.

ಮುದುಕರು ಬುಧವಾರದ ಸಂಗತಿ ಎತ್ತಲಿಲ್ಲ. ಮೇಣದಬತ್ತಿ, ಟೋರ್ಟಿಯಾ ತಂದು ಮುಂದಿಟ್ಟರು. ಮೂರು ಮತ್ತು ನಾಲ್ಕು, ಏಳು ಡಾಲರ್. ಎಣಿಸಿ ಇಟ್ಟರು. ದೆಲ್ಫೀನಾ ಅದನ್ನು ತೆಗೆದುಕೊಳ್ಳಲಿಲ್ಲ. ಹಿಂದಿನ ಬಾಗಿಲಲ್ಲಿ ಲಿಬ್ರಾದೊ ನಿಂತಿದ್ದ. ಈಗ ಕೇಳದಿದ್ದರೆ ಇನ್ನೆಂದೂ ಕೇಳಲಾರೆನೆಂದು ಅವಳಿಗೆ ಗೊತ್ತಾಯಿತು.

"ಇನ್ನೂ... ಇನ್ನೂ ಕಾಲು ಡಾಲರ್ ಆಗುತ್ತೆ ದೋನ್ ಅಗಾಪಿತೊ."

"ಯಾತಕ್ಕೆ?"

"ತೆರಿಗೆ. ಮೇಣದಬತ್ತಿಗೆ. ಟೋರ್ಟಿಯಾಗಿಲ್ಲ." ಅವಳ ಕಿವಿಯವರೆಗೂ ಕೆಂಪೇರಿತ್ತು.

"ಅದು ಗೊತ್ತು. ಈ ಬೆಲೇಲಿ ಅದು ಸೇರಿರುತ್ತೆ ಅಂದ್ಕೊಂಡಿದ್ದೆ. ಇಷ್ಟು ವರ್ಷ ಯಾರು ಕಟ್ತಿದ್ರು?"

"ನಾನೇ."

"ನೀವು? ನನ್ನದನ್ನಾ?"

"ಹೂಂ. ಕೊಸರು ಅಂತ..."

ಮುದುಕರ ಮುಖ ಬಿಗಿಯಿತು. ಎರಡೂ ಕೈಯನ್ನು ಗಲ್ಲಾದ ಮೇಲೆ ಊರಿದರು. ದಪ್ಪ ಗೆಣ್ಣುಗಳ, ಕಿತ್ತಳೆ ಮುಳ್ಳಿನ ಹಳೆಯ ಗಾಯಗಳ ಕೈ.

"ದೋನ್ಯಾ ದೆಲ್ಫೀನಾ, ಮಿಠಾಯಿ ಕೊಡಿ, ತಗೋತೀನಿ. ಪ್ರೀತಿ ಅಂತ ತಗೋತೀನಿ. ಆದ್ರೆ ಇದು ನನ್ನ ಪಾಲು. ನಾನು ಈ ಊರಿಗೆ ಬಂದಾಗ ಈ ಬೀದಿ ಬರೀ ಕೆಸರು. ದೀಪ ಇರಲಿಲ್ಲ. ನನ್ನ ದೊಡ್ಡ ಮಗೂನ ಕತ್ತಲಲ್ಲಿ ಹೊತ್ಕೊಂಡು, ಮೊಣಕಾಲುದ್ದ ನೀರಲ್ಲಿ ಡಾಕ್ಟರ ಹತ್ರ ಹೋಗಿದ್ದೀನಿ. ಈಗ ರಸ್ತೆ ಆಗಿದೆ, ದೀಪ ಬಂದಿದೆ. ಅದರಲ್ಲಿ ಒಂದು ಕಲ್ಲು ನಂದು, ಒಂದು ದೀಪ ನಂದು ಅಂತ ಎದೆ ಎತ್ತಿ ಓಡಾಡ್ತಿದ್ದೆ. ನೀವು ಈಗ, ಅದು ನಿಮ್ಮದಲ್ಲ, ನಾನು ಕೊಟ್ಟಿದ್ದು ಅಂತೀರಾ?"

ಕೊಡುತ್ತಿದ್ದೇನೆ ಅಂದುಕೊಂಡು ತಾನು ಈ ಮನುಷ್ಯರಿಂದ ಏನನ್ನು ಕಸಿದುಕೊಳ್ಳುತ್ತಿದ್ದೆ ಎನ್ನುವುದು ದೆಲ್ಫೀನಾಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

"ತಪ್ಪಾಯ್ತು, ದೋನ್ ಅಗಾಪಿತೊ," ಎಂದಳು.

"ತಪ್ಪಲ್ಲ, ಪೆದ್ದುತನ." ಮುದುಕರು ಅಂಗಿಯ ಜೇಬಿನಿಂದ ಕಾಲು ಡಾಲರಿನ ನಾಣ್ಯ ತೆಗೆದು, ಅವಳ ಕೈಗೆ ಕೊಡದೆ, ಸದ್ದಾಗುವಂತೆ ಗಲ್ಲಾದ ಮೇಲೆ ಇಟ್ಟರು. "ಇನ್ಮೇಲೆ ಕೇಳಿ. ಗಟ್ಟಿಯಾಗಿ ಕೇಳಿ."

ಕೊಸರಿನ ಮಿಠಾಯಿ ಇಸಿದುಕೊಂಡು ಅವರು ಹೋದ ಮೇಲೆ ದೆಲ್ಫೀನಾ ಆ ನಾಣ್ಯವನ್ನು ತೆರಿಗೆ ಡಬ್ಬಿಗೆ ಹಾಕಿದಳು. ಎವೆರಾರ್ದೊ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ, ಎಲ್ಲಿ ನೋಡಬೇಕೆಂದು ತಿಳಿಯದೆ ನಿಂತಿದ್ದ.

"ಏನು ಹೇಳ್ತೀರಿ, ದೋನ್ಯಾ ದೆಲ್ಫೀನಾ? ಒಂದು ವರ್ಷಕ್ಕೆ ಬರೀಲಾ?"

ಅವಳು ಗಂಡನ ಕಡೆ ನೋಡಿದಳು. ಲಿಬ್ರಾದೊ ಅಂಟು ಹತ್ತಿದ ಎರಡು ಬೆರಳು ಎತ್ತಿ ತೋರಿಸಿದ.

"ಎರಡು ವರ್ಷಕ್ಕೆ ಬರಿ," ಎಂದಳು ದೆಲ್ಫೀನಾ.

ಚಿಕ್ಕ ಅಂಗಡಿ ಇಟ್ಟಿರುವ ಅಕ್ಕಂದಿರೇ, ಅಣ್ಣಂದಿರೇ, ಈಗ ನಿಮ್ಮ ಕಪಾಟಿನ ಕಡೆ ಒಮ್ಮೆ ನೋಡಿ. ಯಾವುದಕ್ಕೆ ತೆರಿಗೆ ಇದೆ, ಯಾವುದಕ್ಕಿಲ್ಲ ಎಂದು ನಿಮಗೆ ಖಂಡಿತವಾಗಿ ಗೊತ್ತೇ? ಇಲ್ಲದಿದ್ದರೆ ನಾಳೆಯೇ ತೆರಿಗೆ ಕಚೇರಿಯಲ್ಲಿ ಕೇಳಿ. ರಾಜ್ಯಕ್ಕೊಂದು ನಿಯಮ, ಊರಿಗೊಂದು ದರ ಇರುತ್ತದೆ. ಕೇಳಿದವರನ್ನು ಯಾರೂ ಪೆದ್ದರೆನ್ನುವುದಿಲ್ಲ. ತೆರಿಗೆ ಇರುವ ಸಾಮಾನಿಗೆ ಮಾತ್ರ, ಒಟ್ಟಿಗೆ ಕೂಡಿಸಿ, ತೆರಿಗೆ ಹಾಕಿ. ತೆರಿಗೆ ಸೇರಿಸಿ ಬೆಲೆ ಇಡುವವರು ಹಾಗೆಂದು ಕಾಣುವಂತೆ ಬರೆಯಿರಿ; ಲೆಕ್ಕ ಮಾಡುವಾಗ ಕಳೆಯಬೇಡಿ, ಭಾಗಿಸಿ. ಆ ಹಣ ಒಂದು ದಿನಕ್ಕೂ ನಿಮ್ಮ ಗಲ್ಲಾದಲ್ಲಿ ಬೆರೆಯದಿರಲಿ. ಮತ್ತು ಗಿರಾಕಿಯ ಮುಖ ನೋಡಿ, ನಾಚಿಕೊಳ್ಳದೆ ಕೇಳಿ. ನೀವು ಕೇಳುತ್ತಿರುವುದು ಅವರ ದುಡ್ಡನ್ನಲ್ಲ, ಊರಿನಲ್ಲಿ ಅವರಿಗಿರುವ ಪಾಲನ್ನು. ಅದನ್ನು ಅವರೇ ಕೊಡಲಿ.